ಕೊಳದ ಹಸಿರಿಗೆ ಗೊಬ್ಬರ, ಮೀನಿಗೆ ಕ್ಷೇಮ

(ಅಮ್ಮಸಂದ್ರ ಸುತ್ತಲಿನ ತೆಂಗು ಬೆಳೆಗಾರರಿಗಾಗಿ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರಿಗೆ ತೆಂಗಿಗೆ ಗೊಬ್ಬರ ಹಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೋಟದ ಕೃಷಿಹೊಂಡದಲ್ಲಿ ಮೀನು ಬಿಟ್ಟಾಗ ಮಾತ್ರ ಆ ಪಳಗಿದ ಕೈಯೂ ತಪ್ಪುವುದುಂಟು. ಮರಕ್ಕೆ ಗೊಬ್ಬರ ಹೆಚ್ಚಾದರೆ ಹಣ ನಷ್ಟ. ನೀರಿಗೆ ಹೆಚ್ಚಾದರೆ ವರ್ಷವಿಡೀ ಸಾಕಿದ ಮೀನು ಒಂದೇ ಬೆಳಗಿನ ಜಾವದಲ್ಲಿ ಸತ್ತು ತೇಲಬಹುದು.

ಗೊಬ್ಬರವನ್ನು ಉಣ್ಣುವವರು ಯಾರು?

ಕೊಳಕ್ಕೆ ಹಾಕುವ ಗೊಬ್ಬರ ಮುಖ್ಯವಾಗಿ ಸಸ್ಯಪ್ಲವಕಗಳೆಂಬ ಅತಿ ಸಣ್ಣ ಸಸ್ಯಗಳಿಗೆ ಆಹಾರ. ನೀರಿಗೆ ಹಸಿರು ಬಣ್ಣ ಬರುವುದು ಇವುಗಳಿಂದಲೇ. ಇವನ್ನು ತಿಂದು ಸೂಕ್ಷ್ಮ ಪ್ರಾಣಿಗಳು ಬೆಳೆಯುತ್ತವೆ. ಕಾಟ್ಲಾ, ರೋಹು ಮೊದಲಾದ ಗೆಂಡೆ ಮೀನುಗಳಿಗೆ ಇವೇ ಸಹಜ ಆಹಾರ. ಈ ಸಸ್ಯಗಳು ಹಗಲು ಬಿಸಿಲಿನಲ್ಲಿ ನೀರಿಗೆ ಆಮ್ಲಜನಕ ಕೊಡುತ್ತವೆ. ರಾತ್ರಿ ಮೀನಿನಂತೆಯೇ ಅದನ್ನು ಬಳಸುತ್ತವೆ. ಕೊಳೆಯುವ ಸಗಣಿಯಿಂದಲೂ ಆಮ್ಲಜನಕ ಖರ್ಚಾಗುತ್ತದೆ. ಆದ್ದರಿಂದ ಹಸಿರು ಅತಿಯಾದರೆ ಬೆಳಗಿನ ಜಾವಕ್ಕೆ ಮೀನು ಉಸಿರುಗಟ್ಟುತ್ತದೆ.

ಎಷ್ಟು ಹಾಕಬೇಕು?

ಒಂದು ಗುಂಟೆ ನೀರಿನ ಹರವಿಗೆ, ಮರಿ ಬಿಡುವ 15 ದಿನ ಮುಂಚೆ 20ರಿಂದ 25 ಕಿಲೊ ಸಗಣಿಯನ್ನು ಕದಡಿ ಹರಡಬೇಕು. ಅನಂತರ ತಿಂಗಳಿಗೊಮ್ಮೆ 7ರಿಂದ 8 ಕಿಲೊ ಸಾಕು. ಸಗಣಿ ಹಾಕಿದ 15 ದಿನಗಳ ಮೇಲೆ ಸುಮಾರು 150 ಗ್ರಾಂ ಯೂರಿಯಾ ಹಾಗೂ 200 ಗ್ರಾಂ ಸೂಪರ್ ಫಾಸ್ಫೇಟ್ ಕೊಡಬಹುದು. ಸೂಪರ್ ಫಾಸ್ಫೇಟನ್ನು ಹಿಂದಿನ ರಾತ್ರಿಯೇ ಬಕೆಟ್ ನೀರಿನಲ್ಲಿ ನೆನೆಹಾಕಿ, ಬಿಸಿಲಿರುವ ದಿನ ಬೆಳಿಗ್ಗೆ ಎರಚಬೇಕು. ಮೋಡ ಕವಿದ ದಿನ ಯಾವ ಗೊಬ್ಬರವೂ ಬೇಡ.

ಪ್ರತಿ ಕಂತಿಗೆ ಮುಂಚೆ ನೀರನ್ನು ಪರೀಕ್ಷಿಸಲೇಬೇಕು. ಮೊಣಕೈವರೆಗೆ ಕೈಯನ್ನು ನೀರಿನಲ್ಲಿ ನೇರವಾಗಿ ಇಳಿಸಿ. ಅಂಗೈ ಸ್ಪಷ್ಟವಾಗಿ ಕಂಡರೆ ಗೊಬ್ಬರ ಕೊಡಿ. ಮೊಣಕೈ ಮುಳುಗುವ ಮೊದಲೇ ಅಂಗೈ ಮರೆಯಾದರೆ ಆ ತಿಂಗಳ ಕಂತನ್ನು ಬಿಟ್ಟುಬಿಡಿ. ನೀರು ಮಣ್ಣಿನಿಂದ ಕದಡಿದ್ದರೆ ಈ ಪರೀಕ್ಷೆ ಸಲ್ಲದು.

ಸುಣ್ಣ ಮತ್ತು ಯೂರಿಯಾ

ಸುಣ್ಣಕಲ್ಲು ಸಿಗುವ ಈ ಸೀಮೆಯಲ್ಲಿ ನೀರನ್ನು ಪರೀಕ್ಷೆ ಮಾಡಿಸದೆ ಕೊಳಕ್ಕೆ ಸುಣ್ಣ ಸುರಿಯಬಾರದು. ರಸಸಾರ 8.5 ಮೀರಿದ ನೀರಿಗೆ ಯೂರಿಯಾ ಬೇಡ. ಅಂಥ ನೀರಿನಲ್ಲಿ ಯೂರಿಯಾದಿಂದ ಹುಟ್ಟುವ ಅಮೋನಿಯ ಮೀನಿಗೆ ಹೆಚ್ಚು ವಿಷಕಾರಿ.

ತೋಟದಿಂದ ಬರುವ ಗೊಬ್ಬರ

ಫಲ ಕೊಡುವ ತೆಂಗಿನ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಶಿಫಾರಸು ಇದೆ. ಜಡಿಮಳೆಗೆ ಮುಂಚೆ ಇದನ್ನು ಮೇಲೆಯೇ ಚೆಲ್ಲಿದರೆ ಒಂದು ಪಾಲು ಹೊಂಡ ಸೇರುತ್ತದೆ. ಪಾತಿಯಲ್ಲಿ ಮಣ್ಣಿಗೆ ಬೆರೆಸಿ ಮುಚ್ಚಿ; ಹೊಂಡದ ಮೇಲ್ಬದಿಗೆ ಬದು ಹಾಕಿ. ಅಂತರಗಂಗೆ ಹಬ್ಬಿದರೆ ಕಳೆನಾಶಕ ಬಳಸಬೇಡಿ. ಸತ್ತ ಕಳೆ ನೀರಿನಲ್ಲಿ ಕೊಳೆತರೆ ಆಮ್ಲಜನಕ ಕುಸಿಯುತ್ತದೆ. ಕೈಯಿಂದ ಎಳೆದು ತಿಪ್ಪೆಗೆ ಹಾಕಿದರೆ ತೆಂಗಿಗೆ ಒಳ್ಳೆಯ ಗೊಬ್ಬರ.

ಅಪಾಯದ ಸೂಚನೆ

ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ಗೊಬ್ಬರ, ಮೇವು ಎರಡನ್ನೂ ಕೂಡಲೇ ನಿಲ್ಲಿಸಿ ಹೊಸ ನೀರು ಹಾಯಿಸಿ. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಅದನ್ನು ಎತ್ತರದಿಂದ ಕಲ್ಲಿನ ಮೇಲೆ ಬಿದ್ದು ಚಿಮ್ಮುವಂತೆ ಬಿಡಬೇಕು.

ತೆಂಗಿಗೆ ಗೊಬ್ಬರವನ್ನು ಕಾಲ ನೋಡಿ ಹಾಕುತ್ತೀರಿ. ಕೊಳಕ್ಕೆ ಕಾಲದ ಜೊತೆಗೆ ನೀರಿನ ಬಣ್ಣವನ್ನೂ ನೋಡಿ ಹಾಕಿ. ಅನುಮಾನ ಬಂದ ದಿನ ಹಾಕದಿರುವುದೇ ಲಾಭ.