ಕಂಡದ್ದನ್ನು ಕಂಡಂತೆ ಬರೆಯುವ ವಿದ್ಯೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿದ ನಾನು ಈಗ ಒಂದು ಸಂಶೋಧನಾ ಪ್ರಯೋಗಾಲಯಕ್ಕೆ ಸಾಫ್ಟ್‌ವೇರ್ ಬರೆಯುತ್ತೇನೆ. ಅಲ್ಲಿ ನಡೆಯುವುದು ಸೈಕೋಫಿಸಿಯಾಲಜಿ, ಅಂದರೆ ಮನಸ್ಸಿನಲ್ಲಿ ಆಗುವುದು ದೇಹದಲ್ಲಿ ಹೇಗೆ ಕಾಣಿಸುತ್ತದೆ ಎಂದು ಅಳೆಯುವ ಶಾಸ್ತ್ರ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ನಿಮ್ಮ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ ಅಲ್ಲವೇ? ಅದನ್ನೇ ನಾವು ಯಂತ್ರದಿಂದ ಅಳೆಯುತ್ತೇವೆ. ಎದೆಬಡಿತಕ್ಕೆ ಇಸಿಜಿ, ಬೆವರಿಗೆ ಚರ್ಮದ ವಿದ್ಯುತ್ ವಾಹಕತೆ, ಮೆದುಳಿಗೆ ಇಇಜಿ. ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ.

ಈ ಸಂಕೇತ ಎಷ್ಟು ಸಣ್ಣದು ಗೊತ್ತೇ? ಗಡಿಯಾರಕ್ಕೆ ಹಾಕುವ ಸೆಲ್ 1.5 ವೋಲ್ಟ್. ತಲೆಯ ಮೇಲೆ ಸಿಗುವುದು ಸುಮಾರು 50 ಮೈಕ್ರೋವೋಲ್ಟ್, ಅಂದರೆ ಆ ಸೆಲ್ಲಿನ 30,000ದ ಒಂದು ಪಾಲು. ಕಣ್ಣು ಮಿಟುಕಿಸಿದರೂ ಹಲ್ಲು ಕಚ್ಚಿದರೂ ಗೆರೆ ಎಗರುತ್ತದೆ. ಗೋಡೆಯೊಳಗಿನ ಕರೆಂಟಿನ 50 ಹರ್ಟ್ಸ್ ಕಂಪನವೂ ಬಂದು ಸೇರಿಕೊಳ್ಳುತ್ತದೆ.

ತಲೆಯ 32 ಜಾಗಗಳಿಂದ ಸೆಕೆಂಡಿಗೆ 1000 ಸಲ ಅಳೆದರೆ ಒಂದು ಗಂಟೆಗೆ ಎಷ್ಟು ಸಂಖ್ಯೆಗಳಾದವು? 11 ಕೋಟಿ 52 ಲಕ್ಷ. ಆದರೆ ಬರೀ ಸಂಖ್ಯೆಗಳಿಗೆ ಬಾಯಿಲ್ಲ. ಪರದೆಯ ಮೇಲೆ ಚಿತ್ರ ಮೂಡಿದ್ದು ಯಾವ ಕ್ಷಣದಲ್ಲಿ ಎಂಬ ಗುರುತು ಅವುಗಳ ಜೊತೆಗೇ ದಾಖಲಾಗಬೇಕು. ಮೆದುಳು ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಉತ್ತರ ಕೊಟ್ಟುಬಿಡುತ್ತದೆ. ಎರಡು ಕಂಪ್ಯೂಟರ್‌ಗಳ ಗಡಿಯಾರ ಸ್ವಲ್ಪ ಹಿಂದುಮುಂದಾದರೂ ಲೆಕ್ಕ ತಪ್ಪುತ್ತದೆ. ಯಾವ ಯಂತ್ರ, ಯಾವ ಮಾನ, ಆ ವ್ಯಕ್ತಿ ಕಾಫಿ ಕುಡಿದು ಬಂದಿದ್ದರೇ, ನಡುವೆ ಎದ್ದಿದ್ದರೇ, ಎಲ್ಲವನ್ನೂ ಅಂದೇ ಬರೆದಿಡಬೇಕು. ನಾಳೆ ಬರೆಯೋಣ ಎಂದರೆ ಮರೆತುಹೋಗುತ್ತದೆ. ಫೈಲುಗಳಿಗೂ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರೆ ವರ್ಷ ಕಳೆದ ಮೇಲೆ ಇಟ್ಟವರಿಗೇ ಗುರುತು ಸಿಗುವುದಿಲ್ಲ. ಅದಕ್ಕಾಗಿ ವಿಜ್ಞಾನಿಗಳು ಬಿಡ್ಸ್ ಎಂಬ ಒಂದೇ ಪದ್ಧತಿ ಮಾಡಿಕೊಂಡಿದ್ದಾರೆ. 2016ರಲ್ಲಿ ಮೆದುಳಿನ ಎಂಆರ್‌ಐ ಚಿತ್ರಗಳಿಗೆಂದು ಬಂದದ್ದು 2019ರಲ್ಲಿ ಇಇಜಿಗೂ ವಿಸ್ತರಿಸಿತು. ಇಲ್ಲಿ ಇಟ್ಟ ಫೈಲನ್ನು ಬೇರೆ ದೇಶದವರೂ ತೆರೆದು ಅರ್ಥಮಾಡಿಕೊಳ್ಳಬಹುದು.

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಯಂತ್ರ ಕೊಟ್ಟ ಮೂಲ ದಾಖಲೆಯನ್ನು ಯಾರೂ ತಿದ್ದುವಂತಿಲ್ಲ. ಕಣ್ಣು ಮಿಟುಕಿಸಿದ ಗೆರೆ ತೆಗೆಯಬೇಕೇ? ಪ್ರತಿಯಲ್ಲಿ ತೆಗೆಯಿರಿ, ಏನು ತೆಗೆದಿರಿ ಎಂದು ಬರೆಯಿರಿ. ನಾಳೆ ಯಾರಿಗಾದರೂ ಅನುಮಾನ ಬಂದರೆ ಮೂಲದಿಂದ ಮತ್ತೆ ಲೆಕ್ಕ ಹಾಕಲು ಬರಬೇಕು. ಮೂಲವೇ ಹೋದರೆ ಆ ಗಂಟೆಯನ್ನು ಮತ್ತೆ ತರಲಾಗುವುದಿಲ್ಲ. ಆದ್ದರಿಂದ ಮೂರು ಪ್ರತಿ ಇಡುತ್ತೇವೆ, ಒಂದನ್ನು ಬೇರೆ ಕಟ್ಟಡದಲ್ಲಿ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆ ಗೆರೆಗಳ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ನಮ್ಮನ್ನು ನಂಬಿ ತನ್ನ ಭಯ, ಆತಂಕಗಳನ್ನು ಅಳೆಯಲು ಬಿಟ್ಟಿದ್ದಾನೆ. ಅವನ ಹೆಸರು ಫೈಲಿನ ಮೇಲೆ ಇರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಕಡೆ, ಬೀಗದೊಳಗೆ. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ನಮ್ಮ ದೇಶದಲ್ಲಿ 2023ರಲ್ಲಿ ಕಾಯ್ದೆಯೂ ಆಗಿದೆ. ಕಾಯ್ದೆ ಇರಲಿ ಬಿಡಲಿ, ನಂಬಿ ಕೊಟ್ಟದ್ದನ್ನು ಕಾಪಾಡುವುದು ನಮ್ಮ ಧರ್ಮ.

ವಿದ್ಯಾರ್ಥಿಗಳೇ, ಇದನ್ನು ಕಲಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಓಮನ ನಿಯಮದ ಪ್ರಯೋಗದಲ್ಲಿ ಒಂದು ಬಿಂದು ಸರಳರೇಖೆಯಿಂದ ಆಚೆ ಬಿತ್ತು ಎನ್ನಿ. ರಬ್ಬರ್ ಹಿಡಿದು ಅಳಿಸಬೇಡಿ. ಹಾಗೇ ಬಿಟ್ಟು, ಪಕ್ಕದಲ್ಲಿ "ಏಕೆ?" ಎಂದು ಬರೆಯಿರಿ. ತಂತಿ ಸಡಿಲವಾಗಿತ್ತೋ, ಓದಿದ್ದು ತಪ್ಪೋ ಹುಡುಕಿರಿ. ಕಡಿಮೆ ಅಂಕ ಬಂದೀತು ಎಂಬ ಭಯ ಬೇಡ. ಇಲ್ಲಿರುವ ಶಿಕ್ಷಕರಲ್ಲಿಯೂ ನನ್ನ ವಿನಂತಿ ಇಷ್ಟೇ: ಅಂಥ ಬಿಂದುವನ್ನು ಉಳಿಸಿಕೊಂಡ ಮಗುವಿಗೆ ಒಂದು ಅಂಕ ಹೆಚ್ಚೇ ಕೊಡಿ.

ಐವತ್ತು ತುಂಬಿದ ನಮ್ಮ ಶಾಲೆ ನೂರು ಕಾಣಲಿ.