ಒಂದು ಪೆಟ್ಟಿನ ಹಿಂದಿನ ಪಾಠ

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ನನಗೆ ಡ್ರಮ್ಮಿನ ಶಬ್ದದ ಬಗ್ಗೆ ಮಾತನಾಡುವ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದು ಒಬ್ಬ ವಿದ್ಯಾರ್ಥಿಯಿಂದ ಬಂತು. ಎರಡು ವರ್ಷಗಳ ಹಿಂದೆ ಹತ್ತನೇ ತರಗತಿಯಲ್ಲಿ ಗಝಲ್ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಮೊಬೈಲ್ ಕಿತ್ತುಕೊಂಡೆ, "ನೀನು ಉದ್ಧಾರ ಆಗುವವನಲ್ಲ" ಎಂದೂ ಹೇಳಿಬಿಟ್ಟೆ. ಸಂಜೆ ಅವನು ಸ್ಟಾಫ್ ರೂಮಿಗೆ ಬಂದು, "ಸರ್, ನಾನು ಹಾಡು ಕೇಳ್ತಾ ಇರಲಿಲ್ಲ. ಅಣ್ಣನ ಮದುವೆಗೆ ದಫ್ ಹಾಡು ಮಾಡ್ತಾ ಇದ್ದೇನೆ. ಕೆಳಗೆ ಕಿಕ್ ಹಾಕಿದರೆ ದಫ್ ಸಾಯ್ತದೆ, ಕಿಕ್ ತೆಗೆದರೆ ಹಾಡೇ ಸಾಯ್ತದೆ" ಎಂದ. ಆ ಮಾತು ನನ್ನನ್ನು ನಿಲ್ಲಿಸಿತು. ಬಯ್ಯಲು ಸಿದ್ಧವಾಗಿದ್ದ ನಾನು, ಅರ್ಥವಾಗದೆ ಕೇಳುತ್ತಾ ಕುಳಿತೆ.

ಕಿಕ್ ಎಂದರೆ ಡ್ರಮ್ ಸೆಟ್ಟಿನಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್. ಇಂದಿನ ಹಾಡುಗಳಲ್ಲಿ "ಧಂ ಧಂ" ಎಂದು ಎದೆಗೆ ತಾಗುವ ಶಬ್ದ ಅದೇ. ಹೆಚ್ಚಿನ ಕಡೆ ಈಗ ಡ್ರಮ್ಮೂ ಇಲ್ಲ, ಕಾಲೂ ಇಲ್ಲ. ಜಪಾನಿನ ಒಸಾಕಾದಲ್ಲಿ 1930ರಲ್ಲಿ ಹುಟ್ಟಿದ ಇಕುತಾರೊ ಕಾಕೆಹಾಶಿ 1972ರಲ್ಲಿ ರೋಲ್ಯಾಂಡ್ ಕಂಪೆನಿ ಕಟ್ಟಿದರು. 1980ರಲ್ಲಿ ಆ ಕಂಪೆನಿಯ ಟಿಆರ್-808 ಎಂಬ ಯಂತ್ರ ಬಂತು. ಅದರೊಳಗೆ ಚರ್ಮವಿಲ್ಲ, ವಿದ್ಯುತ್ತಿನ ಕಂಪನ ಮಾತ್ರ. ಆ ಕಾಲದಲ್ಲಿ "ಇದು ನಿಜವಾದ ಡ್ರಮ್ಮಿನಂತೆ ಇಲ್ಲ" ಎಂದು ಹಲವರು ತಿರಸ್ಕರಿಸಿದರು. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಅಗ್ಗದಲ್ಲಿ ಸಿಕ್ಕಿದ ಹಳೆಯ ಯಂತ್ರಗಳನ್ನು ಬಡ ಯುವಕರು ಕೊಂಡು ಹೊಸ ಸಂಗೀತವನ್ನೇ ಕಟ್ಟಿದರು. ನಮ್ಮ ಮುಂಬೈಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲೇ ಈ ಯಂತ್ರದ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು.

ಇನ್ನು ಹುಡುಗನ ಸಮಸ್ಯೆಗೆ ಬರೋಣ. ಶಬ್ದವನ್ನು ಹದಗೊಳಿಸುವ ಮುಖ್ಯ ಸಾಧನ ಕಂಪ್ರೆಸರ್. ಅದು ಅತಿ ಜೋರಾದ ಭಾಗವನ್ನು ತಗ್ಗಿಸುತ್ತದೆ. ಅವನು ನನಗೆ ವಿವರಿಸಿದಾಗ, ಇದು ನಮ್ಮ ತರಗತಿಯ ಕಥೆಯೇ ಎಂದು ನನಗನಿಸಿತು.

ತರಗತಿಯಲ್ಲಿ ಗಲಾಟೆ ಒಂದು ಮಟ್ಟ ಮೀರಿದಾಗ ಮಾತ್ರ ಹೆಡ್ಮಾಸ್ಟರು ಬರುತ್ತಾರೆ. ಆ ಮಟ್ಟವೇ ಥ್ರೆಶೋಲ್ಡ್. ಬಂದವರು ಎಷ್ಟು ಕಠಿಣರು ಎಂಬುದು ರೇಶಿಯೊ. ನಾಲ್ಕಕ್ಕೆ ಒಂದು ಎಂದರೆ, ಮಿತಿಯನ್ನು 8 ಡೆಸಿಬಲ್ ಮೀರಿದ ಶಬ್ದ 2 ಡೆಸಿಬಲ್ ಮಾತ್ರ ಮೀರುವಂತೆ ಆಗುತ್ತದೆ. ಅವರು ಎಷ್ಟು ಬೇಗ ಬಾಗಿಲಿಗೆ ತಲುಪುತ್ತಾರೆ ಎಂಬುದು ಅಟ್ಯಾಕ್. ಹೊರಟ ಮೇಲೆ ತರಗತಿ ಮೊದಲಿನಂತಾಗಲು ಹಿಡಿಯುವ ಸಮಯ ರಿಲೀಸ್.

ಕಿಕ್ಕಿನ ಗುಟ್ಟು ಅಟ್ಯಾಕಿನಲ್ಲಿದೆ. ಹೆಡ್ಮಾಸ್ಟರು ಒಂದು ಮಿಲಿಸೆಕೆಂಡಿನಲ್ಲೇ ಬಂದುಬಿಟ್ಟರೆ ಪೆಟ್ಟಿನ ಮೊದಲ "ಟಕ್" ಎಂಬ ತುದಿಯೇ ಸತ್ತುಹೋಗುತ್ತದೆ, ಶಬ್ದ ಮೊಂಡಾಗುತ್ತದೆ. 20ರಿಂದ 30 ಮಿಲಿಸೆಕೆಂಡ್ ತಡವಾಗಿ ಬಂದರೆ ತುದಿ ಪಾರಾಗುತ್ತದೆ, ಬಾಲ ಮಾತ್ರ ತಗ್ಗುತ್ತದೆ. ಪೆಟ್ಟು ಇನ್ನಷ್ಟು ಖಚಿತವಾಗಿ ಕೇಳುತ್ತದೆ. ರಿಲೀಸ್ ಮುಂದಿನ ಪೆಟ್ಟು ಬೀಳುವ ಮೊದಲು ಮುಗಿಯಬೇಕು. ಇಲ್ಲಿ ಗಣಿತ ಬರುತ್ತದೆ. ನಿಮಿಷಕ್ಕೆ 60,000 ಮಿಲಿಸೆಕೆಂಡ್. ಹಾಡಿನ ವೇಗ ನಿಮಿಷಕ್ಕೆ 120 ಪೆಟ್ಟಾದರೆ ಎರಡು ಪೆಟ್ಟುಗಳ ನಡುವೆ 500 ಮಿಲಿಸೆಕೆಂಡ್. ಗಣಿತದಲ್ಲಿ ಹಿಂದುಳಿದ ಆ ಹುಡುಗ ನನ್ನೆದುರು ರಫ್ ಪುಸ್ತಕದಲ್ಲಿ ಈ ಭಾಗಾಕಾರ ಮಾಡಿದ. ಯಾರೂ ಹೇಳಿರಲಿಲ್ಲ, ಅವನಿಗೆ ಬೇಕಿತ್ತು.

ನಾನು ಅವನಿಗೆ ಛಂದಸ್ಸು ನೆನಪಿಸಿದೆ. ವೇಗದ ಹಾಡಿನಲ್ಲಿ ಕಿಕ್ ಲಘುವಾಗಿರಲಿ, ಬಾಲ ಗಿಡ್ಡವಿರಲಿ. ನಿಧಾನದ ಹಾಡಿನಲ್ಲಿ ಗುರುವಾದರೂ ನಡೆಯುತ್ತದೆ. ಗುರುಗಳೇ ತುಂಬಿದರೆ ಸಾಲು ನಡೆಯದೆ ಎಳೆಯುತ್ತದೆ. ಅವನು ನಕ್ಕ. ಅಂದು ಮೊದಲ ಬಾರಿಗೆ ಅವನಿಗೆ ಲಘು-ಗುರು ಅರ್ಥವಾಯಿತಂತೆ.

ದಫ್ ಯಾಕೆ ಸಾಯುತ್ತಿತ್ತು? ಮರದ ಬಳೆಗೆ ಒಂದು ಬದಿ ಆಡಿನ ಚರ್ಮ ಬಿಗಿದ ವಾದ್ಯ ಅದು. ಕರಾವಳಿಯ ಮಳೆಗಾಲದಲ್ಲಿ ಚರ್ಮ ಸಡಿಲವಾಗುತ್ತದೆ, ಅದಕ್ಕೇ ಬ್ಯಾರಿ ದಫ್ ತಂಡದವರು ಬೆಂಕಿಗೆ ಹಿಡಿದು ಬಿಸಿ ಮಾಡುತ್ತಾರೆ. ಅದರ ಗುಮುಕು ಮತ್ತು ಕಿಕ್ಕಿನ ಮೇಲಿನ ಭಾಗ ಒಂದೇ ಜಾಗಕ್ಕೆ ಜಗಳವಾಡುತ್ತಿದ್ದವು. ಕಿಕ್ಕಿನ ಭಾರ ಇರುವುದು ಸುಮಾರು 50ರಿಂದ 60 ಹರ್ಟ್ಸ್ ಬಳಿ. 200ರಿಂದ 400 ಹರ್ಟ್ಸ್ ನಡುವಿನ ಡಬ್ಬದಂಥ ಸದ್ದನ್ನು ಕಿಕ್ಕಿನಲ್ಲಿ ತಗ್ಗಿಸಿ ಆ ಜಾಗವನ್ನು ದಫ್ಫಿಗೆ ಬಿಟ್ಟುಕೊಟ್ಟ. ಎರಡೂ ಕೇಳತೊಡಗಿದವು. ಒಬ್ಬರು ಸ್ವಲ್ಪ ಸರಿದು ಕುಳಿತರೆ ಇಬ್ಬರಿಗೂ ಬೆಂಚಿನಲ್ಲಿ ಜಾಗವಾಗುತ್ತದೆ.

ಆದರೆ ಉಮ್ಮನ ಮೊಬೈಲಿನಲ್ಲಿ ಕಿಕ್ ಕಾಣೆಯಾಗಿತ್ತು! ಸಣ್ಣ ಸ್ಪೀಕರಿಗೆ 50 ಹರ್ಟ್ಸ್ ಹೊರಡಿಸುವ ಶಕ್ತಿಯಿಲ್ಲ. ಆಗ ಶಬ್ದವನ್ನು ತುಸು ಒರಟು ಮಾಡಿ ಮೇಲಿನ ಉಪಸ್ವರಗಳನ್ನು ಸೇರಿಸಬೇಕು. ಅವುಗಳನ್ನು ಕೇಳಿದ ಮೆದುಳು, ಇಲ್ಲದ ಕೆಳಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಎಂಥ ಅದ್ಭುತ ನೋಡಿ!

ವಿದ್ಯಾರ್ಥಿಗಳೇ, ಒಂದು ಎಚ್ಚರಿಕೆ. ಕಂಪ್ರೆಸ್ ಮಾಡಿದ ಶಬ್ದದ ಸರಾಸರಿ ಮಟ್ಟವನ್ನು ಏರಿಸುವುದು ಸುಲಭ. ಕಿವಿಗೆ ಬಿಡುವು ಸಿಗುವುದಿಲ್ಲ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತದೆ ಎಂಬುದು ತಜ್ಞರ ಲೆಕ್ಕ. ಒಳಕಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಯರ್‌ಫೋನಿಗೂ, ಮದುವೆ ಮನೆಯ ದೊಡ್ಡ ಸ್ಪೀಕರಿಗೂ ಇದು ಅನ್ವಯ. ನೆರೆಮನೆಯ ರೋಗಿ, ಪರೀಕ್ಷೆಗೆ ಓದುವ ಮಗು ನಮ್ಮ ಹೊಣೆಯೂ ಹೌದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡವೆನ್ನುವುದು 2000ದ ಶಬ್ದಮಾಲಿನ್ಯ ನಿಯಮ.

ಹೆತ್ತವರೇ, ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆ ಚರ್ಚೆ ಬಲ್ಲವರಿಗೆ ಬಿಟ್ಟದ್ದು. ಆದರೆ ಶಬ್ದದ ವಿದ್ಯೆ ಹಾಡಿಗೆ ಮಾತ್ರ ಸೀಮಿತವಲ್ಲ. ಭಾಷಣ, ರೇಡಿಯೊ, ಸಿನಿಮಾ, ಕಿವುಡರ ಶ್ರವಣಯಂತ್ರ, ಎಲ್ಲದರಲ್ಲೂ ಇದೇ ಕಂಪ್ರೆಸರ್ ಇದೆ. ಕೇರಳದ ರಸೂಲ್ ಪೂಕುಟ್ಟಿ ಪುಣೆಯ ಫಿಲ್ಮ್ ಸಂಸ್ಥೆಯಲ್ಲಿ ಶಬ್ದಗ್ರಹಣ ಕಲಿತು 2009ರಲ್ಲಿ ಆಸ್ಕರ್ ಪಡೆದರು. ಇದಕ್ಕೆ ಅಡ್ಡದಾರಿ ಇಲ್ಲ. ಭೌತಶಾಸ್ತ್ರ, ಗಣಿತ ಮತ್ತು ತಾಳ್ಮೆ ಬೇಕೇ ಬೇಕು. ನಮ್ಮ ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ ವೈದ್ಯಕೀಯ, ಇಂಜಿನಿಯರಿಂಗಿನ ಜೊತೆ ಇದಕ್ಕೂ ಅರ್ಧ ಗಂಟೆ ಕೊಡಿ ಎಂದು ಸಂಘವನ್ನು ವಿನಂತಿಸುತ್ತೇನೆ.

ಆ ಹುಡುಗ ಹತ್ತನೆಯದು ಪಾಸಾಗಿ ಈಗ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಅಣ್ಣನ ಮದುವೆಯಲ್ಲಿ ಹಾಡು ಕೇಳಿದೆ, ದಫ್ ಸತ್ತಿರಲಿಲ್ಲ. ಊಟದ ಹೊತ್ತಿಗೆ ಅವನನ್ನು ಕರೆದು, ಅಂದು ತರಗತಿಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ನಾನು ಅತಿ ಬೇಗ ಬಾಗಿಲಿಗೆ ಬಂದ ಹೆಡ್ಮಾಸ್ಟರಾಗಿದ್ದೆ. ಅಧ್ಯಾಪಕ ಮಿತ್ರರೇ, ಮಕ್ಕಳನ್ನು ತಿದ್ದೋಣ, ಆದರೆ ಅವರ ಮೊದಲ ಮಾತು ಪಾರಾಗುವಷ್ಟು ತಡೆದು ತಿದ್ದೋಣ.