ಆರೋಗ್ಯವಿಮೆಯೂ ಸರಕಾರದ ಹಸ್ತವೂ

ಸಂಪ್ರದಾಯನಿಷ್ಠನಾದ ಗೃಹಸ್ಥನು ಸರಕಾರದ ಆರೋಗ್ಯವಿಮೆಯನ್ನು ಶಂಕಿಸುವುದು ಜಿಪುಣತನದಿಂದಲ್ಲ. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನೀ ಯೋಜನೆಯು ಆರಂಭವಾದಾಗ ಸದಸ್ಯನು ವರ್ಷಕ್ಕೆ 60 ರೂಪಾಯಿ ವಂತಿಗೆ ತೆರುತ್ತಿದ್ದನು, ಸರಕಾರವೂ ನೆರವಾಗಿದ್ದಿತು. ತನ್ನ ಕಾಯಕದ ಹಣವು ಅನ್ಯನ ಶಸ್ತ್ರಚಿಕಿತ್ಸೆಗೊದಗಿತೆಂಬ ದಾಸೋಹಭಾವವೂ, ಕೊಟ್ಟವನಿಗಿರುವ ಲೆಕ್ಕ ಕೇಳುವ ದಿಟ್ಟತನವೂ ಅವನಲ್ಲಿದ್ದುವು. 2018ರಲ್ಲಿ ಆ ಯೋಜನೆಯು ಆರೋಗ್ಯ ಕರ್ನಾಟಕದಲ್ಲಿ ಲೀನವಾಗಲು, ಸದಸ್ಯನಾಗಿದ್ದವನು ಬರಿಯ ಫಲಾನುಭವಿಯಾದನು. ಗೃಹಸ್ಥನ ವ್ಯಥೆ ಇದೇ. ಅದನ್ನು ಹಳೆಯ ಕಾಲದವನ ಗೊಣಗಾಟವೆಂದು ತಳ್ಳಿಹಾಕಲಾಗದು.

ಆದರೆ ಹೃದಯದ ಶಸ್ತ್ರಚಿಕಿತ್ಸೆಗೆ ಒಂದು ಊರಿನ ವಂತಿಗೆ ಸಾಲದೆಂಬುದನ್ನು ಅವನೂ ಬಲ್ಲನು. ವಂತಿಗೆಗೆ ಶಕ್ತಿಯಿಲ್ಲದ ಕೂಲಿಯವನನ್ನು ಹೊರಗಿಡಲು ಅವನ ಮನವೊಪ್ಪದು. ಬಡವನ ಪಾಲನ್ನು ಬೊಕ್ಕಸವು ತೆರಲಿ, ಉಳ್ಳವನ ವಂತಿಗೆ ಮಾತ್ರ ನಿಲ್ಲದಿರಲಿ ಎಂಬುದೇ ಅವನ ಪಕ್ಷ. 2022ರಲ್ಲಿ ಯಶಸ್ವಿನಿಯು ವಂತಿಗೆಯೊಡನೆ ಮರಳಿ ಬಂದಾಗ ಅವನು ಹರ್ಷಗೊಂಡುದು ಇದಕ್ಕಾಗಿಯೇ.